ಸೀಟು ಸಿಕ್ಕ ದಿನ ಹಣ ಎಲ್ಲಿಂದ? – ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಓದುವ ಮಕ್ಕಳಿಗೆ ಇರುವ ನೆರವಿನ ದಾರಿಗಳು





ಈ ವರ್ಷದ ವರದಿಯಲ್ಲಿ ಆರೋಗ್ಯ ಕ್ಷೇತ್ರದ ಓದಿಗೆ ಸಿಗುವ ಹಣದ ನೆರವಿನ ಬಗ್ಗೆ ಬಿಡಿಸಿ ಬರೆಯಬೇಕೆಂದು ಟ್ರಸ್ಟಿನ ಹಿರಿಯರು ಹೇಳಿದರು. ಕಾರಣ ಸ್ಪಷ್ಟವಿದೆ. ರಾಮಥಾಳ, ಹುನಗುಂದ, ಇಳಕಲ್ಲ, ಅಮೀನಗಡ ಸುತ್ತಿನ ಮನೆಗಳಿಂದ ಈಗ ಪಿಯುಸಿ ವಿಜ್ಞಾನಕ್ಕೆ ಹೋಗುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು ಹೆಚ್ಚಾಗಿದ್ದಾರೆ. ಆ ಮನೆಗಳಲ್ಲಿ ಮಗ್ಗ ನಡೆಸುವವರಿದ್ದಾರೆ, ಕಲ್ಲಿನ ಕ್ವಾರಿಗೆ ಹೋಗುವವರಿದ್ದಾರೆ, ಗೌಂಡಿ ಕೆಲಸದವರಿದ್ದಾರೆ, ನಾಲ್ಕೆಕರೆ ಒಕ್ಕಲುತನ ನಂಬಿದವರಿದ್ದಾರೆ. ಮಗು ಚೆನ್ನಾಗಿ ಓದುತ್ತದೆ, ಪರೀಕ್ಷೆ ಬರೆಯುತ್ತದೆ, ಸೀಟೂ ಸಿಗುತ್ತದೆ. ಆಮೇಲೆ ಶುಲ್ಕ ಕಟ್ಟಲು ಕೆಲವೇ ದಿನಗಳ ಗಡುವು ಕೊಡುತ್ತಾರೆ. ಆ ಕೆಲವು ದಿನಗಳಲ್ಲಿ ಹಣ ಹೊಂದದಿದ್ದರೆ ಸೀಟು ಕೈತಪ್ಪುತ್ತದೆ.

ಹಣದ ನೆರವೇ ಇಲ್ಲವೆಂದಲ್ಲ. ಸರ್ಕಾರದ್ದಿದೆ, ಬ್ಯಾಂಕಿನದಿದೆ, ಖಾಸಗಿ ಪ್ರತಿಷ್ಠಾನಗಳದ್ದಿದೆ, ನಮ್ಮಂಥ ಟ್ರಸ್ಟುಗಳದ್ದೂ ಇದೆ. ಆದರೆ ಒಂದೊಂದಕ್ಕೂ ಒಂದೊಂದು ಬಾಗಿಲು, ಒಂದೊಂದು ಕಾಲ. ಯಾವ ಬಾಗಿಲನ್ನು ಯಾವಾಗ ತಟ್ಟಬೇಕೆಂದು ಗೊತ್ತಿದ್ದ ಮನೆಗೆ ನೆರವು ಸಿಗುತ್ತದೆ. ಗೊತ್ತಿಲ್ಲದವರು ಖಾಸಗಿ ಬಡ್ಡಿ ಸಾಲಕ್ಕೆ ಹೋಗುತ್ತಾರೆ, ಇಲ್ಲವೆ ಮಗುವಿನ ಓದು ನಿಲ್ಲಿಸುತ್ತಾರೆ. ಈ ಎರಡೂ ಆಗಬಾರದು ಎಂಬುದಕ್ಕಾಗಿ ಈ ಬರಹ.

ಮೊದಲು ಕೋರ್ಸನ್ನು ತಿಳಿಯೋಣ

‘ಮೆಡಿಕಲ್’ ಎಂದ ಕೂಡಲೆ ನಮ್ಮ ಮನಸ್ಸಿಗೆ ಬರುವುದು ಎಂಬಿಬಿಎಸ್ ಒಂದೇ. ಆಸ್ಪತ್ರೆ ನಡೆಯುವುದು ಡಾಕ್ಟರರೊಬ್ಬರಿಂದಲ್ಲ. ದಾದಿಯರು, ಔಷಧ ಕೊಡುವವರು, ರಕ್ತ ಪರೀಕ್ಷೆ ಮಾಡುವವರು, ಎಕ್ಸ್‌ರೇ ತೆಗೆಯುವವರು, ಡಯಾಲಿಸಿಸ್ ನೋಡಿಕೊಳ್ಳುವವರು ಎಲ್ಲರೂ ಬೇಕು. ಓದಿನ ಅವಧಿ ಮತ್ತು ಖರ್ಚು ಒಂದೊಂದಕ್ಕೆ ಒಂದೊಂದು ಬಗೆ.

ಎಂಬಿಬಿಎಸ್ ನಾಲ್ಕೂವರೆ ವರ್ಷದ ಓದು, ಅದರ ಮೇಲೆ ಒಂದು ವರ್ಷ ಇಂಟರ್ನ್‌ಷಿಪ್. ಆಯುರ್ವೇದ, ಹೋಮಿಯೋಪಥಿ, ಯುನಾನಿ ಪದವಿಗಳದ್ದೂ ಇದೇ ಲೆಕ್ಕ. ಇವುಗಳಿಗೆಲ್ಲ ಮತ್ತು ದಂತವೈದ್ಯಕ್ಕೆ ನೀಟ್ ಪರೀಕ್ಷೆ ಕಡ್ಡಾಯ. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಬಿ.ಫಾರ್ಮ 4 ವರ್ಷ, ಡಿ.ಫಾರ್ಮ 2 ವರ್ಷ, ಫಾರ್ಮ.ಡಿ 6 ವರ್ಷ.

ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ 3 ವರ್ಷದ್ದು. ಇದಕ್ಕೆ ಪಿಯುಸಿ ವಿಜ್ಞಾನವೇ ಬೇಕೆಂದಿಲ್ಲ. ಕಲಾ ವಿಭಾಗದವರೂ ಇಂಗ್ಲಿಷ್ ವಿಷಯದೊಂದಿಗೆ ನಿಗದಿತ ಅಂಕ ಪಡೆದಿದ್ದರೆ ಸೇರಬಹುದು. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳನ್ನು ಹತ್ತಿರದ ಕಾಲೇಜಿನಲ್ಲಿ ಕಲಾ ವಿಭಾಗಕ್ಕೆ ಹಾಕಿ ‘ಇನ್ನೇನು, ಮೆಡಿಕಲ್ ಲೈನ್ ಮುಗಿಯಿತು’ ಎಂದುಕೊಳ್ಳುವವರು ಬಹಳ. ಅದು ಮುಗಿದಿರುವುದಿಲ್ಲ. ಜಿಎನ್‌ಎಂ ಮುಗಿಸಿ ನೋಂದಣಿ ಮಾಡಿಸಿಕೊಂಡವರು ಮುಂದೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಮಾಡಿ ಪದವೀಧರರೂ ಆಗಬಹುದು.

ನರ್ಸಿಂಗ್ ಎಂದರೆ ಮೂಗು ಮುರಿಯುವ ಹಿರಿಯರು ಇನ್ನೂ ಇದ್ದಾರೆ. ಅವರಿಗೆ ಹಜರತ್ ರುಫೈದಾ ಅಲ್-ಅಸ್ಲಮಿಯಾ ಅವರ ನೆನಪು ಮಾಡಿಕೊಡಬೇಕು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಹಜರತ್ ಸಅದ್ ಬಿನ್ ಮುಆಜ್ ಅವರ ಆರೈಕೆ ನಡೆದದ್ದು ಮದೀನಾದ ಮಸೀದಿಯ ಬಳಿ ಇದ್ದ ರುಫೈದಾ ಅವರ ಡೇರೆಯಲ್ಲಿ. ನಮ್ಮ ಹೆಂಗಸರು ಹೆರಿಗೆಗೆ ಹೋದಾಗ ಹೆಣ್ಣುಮಗಳೇ ನೋಡಬೇಕೆಂದು ಬಯಸುತ್ತೇವೆ. ಹಾಗಿದ್ದ ಮೇಲೆ ಆ ವಿದ್ಯೆ ಕಲಿಯಲು ಯಾರದೋ ಮನೆಯ ಮಗಳು ಹೋಗಲೇಬೇಕಲ್ಲ.

ಎಲ್ಲಕ್ಕಿಂತ ದೊಡ್ಡ ನೆರವು ಸರ್ಕಾರಿ ಸೀಟು

ವಿದ್ಯಾರ್ಥಿವೇತನಕ್ಕಿಂತ ಮೊದಲು ಯೋಚಿಸಬೇಕಾದದ್ದು ಇದನ್ನು. ಖಾಸಗಿ ವೈದ್ಯಕೀಯ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೂ ಅದೇ ಕಾಲೇಜಿನ ಖಾಸಗಿ ಸೀಟಿಗೂ ವರ್ಷಕ್ಕೆ ಹಲವು ಲಕ್ಷ ರೂಪಾಯಿಗಳ ವ್ಯತ್ಯಾಸ ಇರುತ್ತದೆ. ಯಾವ ಟ್ರಸ್ಟೂ ಅಷ್ಟು ಹಣ ಕೊಡಲಾರದು. ಆ ವ್ಯತ್ಯಾಸವನ್ನು ಕೆಲವೊಮ್ಮೆ ಒಂದೇ ಒಂದು ಪ್ರಮಾಣಪತ್ರ ತುಂಬಿಬಿಡುತ್ತದೆ.

ಮುಸ್ಲಿಮರಿಗೆ ರಾಜ್ಯದಲ್ಲಿ ಪ್ರವರ್ಗ 2ಬಿ ಅಡಿ ಶೇ. 4 ಮೀಸಲಾತಿ ಇದೆ. 2023ರ ಮಾರ್ಚ್‌ನಲ್ಲಿ ಇದನ್ನು ತೆಗೆಯುವ ಆದೇಶ ಬಂದಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಆ ಆದೇಶ ಜಾರಿಯಾಗಲಿಲ್ಲ. ಆಗಿನ ಗೊಂದಲ ಕೆಲವರ ಮನಸ್ಸಿನಲ್ಲಿ ಇನ್ನೂ ಉಳಿದಿದೆ. ‘2ಬಿ ಹೋಯಿತಂತೆ’ ಎಂದು ಸರ್ಟಿಫಿಕೇಟನ್ನೇ ಮಾಡಿಸುವುದಿಲ್ಲ. ಹಾಗೆ ಕೂರಬೇಡಿ. ಇನ್ನು ನದಾಫ, ಪಿಂಜಾರ ಕುಟುಂಬಗಳು ಪ್ರವರ್ಗ 1ಕ್ಕೆ ಸೇರುತ್ತವೆ. ನಮ್ಮ ಸುತ್ತಿನ ಊರುಗಳಲ್ಲಿ ಈ ಮನೆಗಳು ಬಹಳ ಇವೆ. ಶಾಲೆಗೆ ಸೇರಿಸುವಾಗ ಜಾತಿಯ ಕಾಲಂನಲ್ಲಿ ಬರೀ ‘ಮುಸ್ಲಿಂ’ ಎಂದು ಬರೆಸಿದ್ದರಿಂದ ಪ್ರವರ್ಗ 1ರ ಪ್ರಮಾಣಪತ್ರ ಪಡೆಯಲು ಮುಂದೆ ತೊಂದರೆಯಾಗುತ್ತದೆ. ದಾಖಲೆ ಸರಿಪಡಿಸುವುದಿದ್ದರೆ ಎಸ್ಸೆಸ್ಸೆಲ್ಸಿಗೆ ಮುಂಚೆಯೇ ಮಾಡಿಸಿರಿ.

ಎರಡನೆಯದು ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ. ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿಯ ಶಾಲೆಯಲ್ಲೇ ಓದಿದವರಿಗೆ ಕೆಇಎ ಪ್ರವೇಶದಲ್ಲಿ ಶೇ. 15 ಗ್ರಾಮೀಣ ಮೀಸಲಾತಿ ಇದೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಇದೆ. ನಿಗದಿತ ನಮೂನೆಯಲ್ಲಿ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಪ್ರಾಥಮಿಕ ಒಂದು ಶಾಲೆ, ಪ್ರೌಢ ಇನ್ನೊಂದು ಶಾಲೆ ಆಗಿದ್ದರೆ ಎರಡೂ ಕಡೆಯಿಂದ ತರಬೇಕು. ರಜೆಯಲ್ಲಿ ಶಾಲೆ ಮುಚ್ಚಿದಾಗ ಓಡಾಡುವ ಬದಲು ಪಿಯುಸಿ ಎರಡನೆಯ ವರ್ಷದ ಡಿಸೆಂಬರಿನೊಳಗೆ ಮಾಡಿಸಿಕೊಂಡು ಇಟ್ಟುಕೊಳ್ಳಿ.

ಮೂರನೆಯದು ಗಡಿಯ ಮಾತು. ಬಾಗಲಕೋಟೆ ಜಿಲ್ಲೆಗೆ 371(ಜೆ) ಅನ್ವಯವಾಗುವುದಿಲ್ಲ. ನಮ್ಮ ಪಕ್ಕದ ಕುಷ್ಟಗಿ, ಲಿಂಗಸುಗೂರು ತಾಲೂಕುಗಳಿಗೆ ಅನ್ವಯಿಸುತ್ತದೆ. ಬೀಗತನ ಆ ಕಡೆಗೂ ಇರುವುದರಿಂದ, ತಂದೆ ಅಥವಾ ತಾಯಿ ಅಲ್ಲಿಯವರಾಗಿದ್ದರೆ ಅರ್ಹತೆ ಇದೆಯೇ ಎಂದು ಅಲ್ಲಿನ ಸಹಾಯಕ ಆಯುಕ್ತರ ಕಚೇರಿಯಲ್ಲಿ ವಿಚಾರಿಸಿರಿ. ಸುಳ್ಳು ವಿಳಾಸ ಕೊಟ್ಟು ಪ್ರಮಾಣಪತ್ರ ತರುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ; ಗೊತ್ತಾದ ದಿನ ಸೀಟು ಹೋಗುತ್ತದೆ.

ಸರ್ಕಾರಿ ವೈದ್ಯಕೀಯ ಕಾಲೇಜುಗಳು ನಮ್ಮ ಸುತ್ತ ಕೊಪ್ಪಳ, ಗದಗ, ಹುಬ್ಬಳ್ಳಿಗಳಲ್ಲಿವೆ. ಬಾಗಲಕೋಟೆಯಲ್ಲಿ ಬಿ.ವಿ.ವಿ. ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಇದೆ. ದಂತವೈದ್ಯ, ನರ್ಸಿಂಗ್, ಫಾರ್ಮಸಿ ಕಾಲೇಜುಗಳನ್ನೂ ಅದೇ ಸಂಘ ನಡೆಸುತ್ತದೆ. ಇಳಕಲ್ಲಿನಲ್ಲಿ ವಿಜಯಮಹಾಂತೇಶ ಸಂಘದ ಆಯುರ್ವೇದ ಕಾಲೇಜು ಇದೆ. ವಿಜಯಪುರದಲ್ಲಿ 1984ರಲ್ಲಿ ಆರಂಭವಾದ ಅಲ್-ಅಮೀನ್ ವೈದ್ಯಕೀಯ ಕಾಲೇಜು ಇದೆ. ಬೆಂಗಳೂರಿನಲ್ಲಿ 1966ರಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರು ಕಟ್ಟಿದ ಅಲ್-ಅಮೀನ್ ಶಿಕ್ಷಣ ಆಂದೋಲನದ ಕೊಂಬೆ ಅದು. ಇಂಥ ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ನಮ್ಮ ಮಕ್ಕಳಿಗೆಂದು ಮೀಸಲಾದ ಸೀಟುಗಳಿರುತ್ತವೆ. ಆದರೆ ಮೀಸಲು ಎಂದರೆ ಕಡಿಮೆ ಶುಲ್ಕ ಎಂದು ತಿಳಿಯಬಾರದು. ಆಯ್ಕೆ ತುಂಬುವ ಮುಂಚೆ ಆ ವರ್ಷದ ಶುಲ್ಕ ಪಟ್ಟಿಯನ್ನು ಕೆಇಎ ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ರಾಜ್ಯ ಸರ್ಕಾರದ ನೆರವು

ಅರಿವು ಸಾಲ: ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಈ ಯೋಜನೆ ನಮ್ಮ ಮಕ್ಕಳಿಗೆ ಹೆಚ್ಚು ಉಪಯೋಗವಾಗಿದೆ. ಸಿಇಟಿ ಅಥವಾ ನೀಟ್ ಮೂಲಕ ಸೀಟು ಪಡೆದ ಎಂಬಿಬಿಎಸ್, ಬಿಡಿಎಸ್, ಆಯುಷ್, ಫಾರ್ಮಸಿ ವಿದ್ಯಾರ್ಥಿಗಳಿಗೆ ಸಿಗುತ್ತದೆ. ಕೋರ್ಸಿಗೆ ತಕ್ಕಂತೆ ವರ್ಷಕ್ಕೆ 50 ಸಾವಿರದಿಂದ ಆರಂಭವಾಗಿ ವೈದ್ಯಕೀಯಕ್ಕೆ ಕೆಲವು ಲಕ್ಷದವರೆಗೆ ಕೊಡುತ್ತಾರೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷ ಮೀರಿರಬಾರದು. ಸೇವಾ ಶುಲ್ಕ ಶೇ. 2. ಹಣ ವಿದ್ಯಾರ್ಥಿಯ ಕೈಗೆ ಬರುವುದಿಲ್ಲ. ಪ್ರವೇಶ ನಡೆಸುವ ಸಂಸ್ಥೆಗೆ ಅಥವಾ ಕಾಲೇಜಿಗೆ ಹೋಗುತ್ತದೆ. ಓದು ಮುಗಿದ ಮೇಲೆ ಕಂತುಗಳಲ್ಲಿ ತೀರಿಸಬೇಕು. ಗಮನದಲ್ಲಿಡಬೇಕಾದ ಮಾತೆಂದರೆ, ಸೀಟು ಸಿಕ್ಕ ಮೇಲೆ ಅರ್ಜಿ ಹಾಕೋಣ ಎಂದು ಕಾಯಬಾರದು. ಸಿಇಟಿ, ನೀಟ್ ಬರೆದ ಕಾಲದಲ್ಲೇ ನಿಗಮ ಅರ್ಜಿ ಕರೆಯುತ್ತದೆ. ಎರಡನೆಯ ವರ್ಷದಿಂದ ಪ್ರತಿ ವರ್ಷ ನವೀಕರಣಕ್ಕೆ ಅರ್ಜಿ ಹಾಕಬೇಕು. ಒಮ್ಮೆ ಮಂಜೂರಾದರೆ ತಾನಾಗಿ ಮುಂದುವರಿಯುವುದಿಲ್ಲ.

ನರ್ಸಿಂಗ್ ಪ್ರೋತ್ಸಾಹಧನ: ಅಲ್ಪಸಂಖ್ಯಾತರ ನಿರ್ದೇಶನಾಲಯವು ಬಿ.ಎಸ್ಸಿ. ನರ್ಸಿಂಗ್ ಮತ್ತು ಜಿಎನ್‌ಎಂ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಪ್ರೋತ್ಸಾಹಧನದ ಯೋಜನೆ ಇಟ್ಟಿದೆ. ಇದರ ಸುದ್ದಿ ನಮ್ಮ ಹಳ್ಳಿಗಳಿಗೆ ತಲುಪುವುದು ಕಡಿಮೆ. ಕಾಲೇಜು ಸೇರಿದ ವರ್ಷವೇ ಬಾಗಲಕೋಟೆಯ ಜಿಲ್ಲಾ ಅಲ್ಪಸಂಖ್ಯಾತರ ಕಚೇರಿಯಲ್ಲಿ ಅಥವಾ ತಾಲೂಕು ಮಾಹಿತಿ ಕೇಂದ್ರದಲ್ಲಿ ಆ ವರ್ಷದ ಅಧಿಸೂಚನೆ ಕೇಳಿರಿ.

ಎಸ್‌ಎಸ್‌ಪಿ: ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ಮರುಪಾವತಿ ಮೊದಲಾದವುಗಳಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಒಂದೇ ಬಾಗಿಲು. ಹಾಸ್ಟೆಲ್ ಬೇಕಾದವರು ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಕ್ಕೆ ಬೇರೆಯಾಗಿ ಅರ್ಜಿ ಹಾಕಬೇಕು. ಊಟ ಮತ್ತು ವಸತಿಯ ಖರ್ಚು ಉಳಿದರೆ ಅದೂ ಒಂದು ವಿದ್ಯಾರ್ಥಿವೇತನವೇ. ನರ್ಸಿಂಗ್, ಡಿ.ಫಾರ್ಮ ಓದುವವರಿಗೆ ಕೆಲವೊಮ್ಮೆ ಶುಲ್ಕಕ್ಕಿಂತ ರೂಮು, ಊಟದ ಖರ್ಚೇ ಭಾರವಾಗಿರುತ್ತದೆ.

ರೈತರ ಮಕ್ಕಳಿಗೆ: 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ನರ್ಸಿಂಗ್, ಪ್ಯಾರಾಮೆಡಿಕಲ್, ಬಿ.ಫಾರ್ಮ ಓದುವ ಹುಡುಗರಿಗೆ ವರ್ಷಕ್ಕೆ 7,500, ಹುಡುಗಿಯರಿಗೆ 8,000 ರೂಪಾಯಿ. ಎಂಬಿಬಿಎಸ್‌ಗೆ 10,000 ಮತ್ತು 11,000 ರೂಪಾಯಿ ನಿಗದಿಯಾಗಿತ್ತು. ಇದಕ್ಕೆ ಹೊಲ ಹೊಂದಿದವರ ಹೆಸರಿನಲ್ಲಿ ಫ್ರೂಟ್ಸ್ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಬೇಕು. ಅಜ್ಜನ ಹೆಸರಿನಲ್ಲೇ ಉಳಿದ ಹೊಲವನ್ನು ವಾರಸಾ ಮಾಡಿಸದಿದ್ದರೆ ಮೊಮ್ಮಗುವಿಗೆ ಅಡಚಣೆಯಾಗುತ್ತದೆ.

ಕಟ್ಟಡ ಕಾರ್ಮಿಕರ ಮಕ್ಕಳಿಗೆ: ಗೌಂಡಿ, ಸೆಂಟ್ರಿಂಗ್, ಪೇಂಟಿಂಗ್ ಕೆಲಸದವರು ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದರೆ ಮಕ್ಕಳ ಓದಿಗೆ ‘ಕಲಿಕಾ ಭಾಗ್ಯ’ ಸಹಾಯಧನ ಸಿಗುತ್ತದೆ. ಕಾರ್ಡು ಚಾಲ್ತಿಯಲ್ಲಿರಬೇಕು. ನಮ್ಮ ಎಷ್ಟೋ ಗೌಂಡಿಗಳು ಮೂವತ್ತು ವರ್ಷ ಕಂಡವರ ಮನೆ ಕಟ್ಟಿದ್ದಾರೆ, ತಮ್ಮ ಹೆಸರಿನ ಕಾರ್ಡೊಂದನ್ನು ಮಾಡಿಸಿಕೊಂಡಿಲ್ಲ.

ಕೇಂದ್ರದ ಯೋಜನೆಗಳು: ನಿಂತದ್ದು ಯಾವುದು, ಇರುವುದು ಯಾವುದು

ಅಲ್ಪಸಂಖ್ಯಾತರ ವೃತ್ತಿಪರ ಶಿಕ್ಷಣಕ್ಕೆಂದು 2007-08ರಿಂದ ಕೇಂದ್ರದ ಮೆರಿಟ್-ಕಮ್-ಮೀನ್ಸ್ ವಿದ್ಯಾರ್ಥಿವೇತನ ಇತ್ತು. ವರ್ಷಕ್ಕೆ 20 ಸಾವಿರದವರೆಗೆ ಶುಲ್ಕ, ಹಾಸ್ಟೆಲಿನವರಿಗೆ 10 ಸಾವಿರ ನಿರ್ವಹಣೆ ಭತ್ಯೆ ಸಿಗುತ್ತಿತ್ತು. ಅದರ ಮಂಜೂರಾತಿ ಇದ್ದದ್ದು 2021-22ರವರೆಗೆ. ಎಂ.ಫಿಲ್., ಪಿಎಚ್.ಡಿ.ಯವರ ಮೌಲಾನಾ ಆಜಾದ್ ಫೆಲೋಶಿಪ್, ವಿದೇಶದ ಓದಿನ ಸಾಲದ ಬಡ್ಡಿ ಕಟ್ಟುತ್ತಿದ್ದ ‘ಪಢೋ ಪರ್‌ದೇಸ್’ ಇವೂ 2022-23ರಿಂದ ನಿಂತವು. ಅಣ್ಣನಿಗೆ ಬಂದಿತ್ತು, ತಂಗಿಗೂ ಬರುತ್ತದೆ ಎಂದು ಆ ಹಣ ನಂಬಿಕೊಂಡು ಲೆಕ್ಕ ಹಾಕುವ ಪಾಲಕರು ಇನ್ನೂ ಇರುವುದರಿಂದ ಇದನ್ನು ಬಿಡಿಸಿ ಹೇಳಬೇಕಾಯಿತು. ನಮ್ಮಂಥ ಟ್ರಸ್ಟುಗಳ ಮೇಲೆ ಭಾರ ಹೆಚ್ಚಿದ್ದಕ್ಕೆ ಇದೂ ಒಂದು ಕಾರಣ.

ಇರುವುದರಲ್ಲಿ ಒಂದು, ಕಾಲೇಜು ವಿದ್ಯಾರ್ಥಿಗಳ ಕೇಂದ್ರ ವಲಯ ವಿದ್ಯಾರ್ಥಿವೇತನ. ದ್ವಿತೀಯ ಪಿಯುಸಿಯಲ್ಲಿ ತನ್ನ ಬೋರ್ಡಿನ ಮೇಲಿನ ಶೇ. 20ರೊಳಗೆ ಬಂದ, ಕುಟುಂಬದ ಆದಾಯ 4.5 ಲಕ್ಷದೊಳಗಿರುವ ವಿದ್ಯಾರ್ಥಿಗೆ ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ. ವೃತ್ತಿಪರ ಕೋರ್ಸಿನ ನಾಲ್ಕನೆಯ, ಐದನೆಯ ವರ್ಷ 20,000 ರೂಪಾಯಿ. ಅರ್ಧದಷ್ಟು ಹೆಣ್ಣುಮಕ್ಕಳಿಗೆ ಮೀಸಲು. ಇದು ಎಲ್ಲ ಸಮುದಾಯದವರಿಗೂ ಇರುವಂಥದ್ದು. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ಲಿನಲ್ಲಿ.

ಇನ್ನೊಂದು ದಾರಿ ಹೆಣ್ಣುಮಕ್ಕಳಿಗೆ ಮಾತ್ರ. ಸೇನೆಯ ನರ್ಸಿಂಗ್ ಸೇವೆಯವರು ಬೆಂಗಳೂರಿನ ಕಮಾಂಡ್ ಆಸ್ಪತ್ರೆ ಸೇರಿ ದೇಶದ ಕೆಲವು ಸೇನಾ ಆಸ್ಪತ್ರೆಗಳಲ್ಲಿ ಬಿ.ಎಸ್ಸಿ. ನರ್ಸಿಂಗ್ ಕಾಲೇಜು ನಡೆಸುತ್ತಾರೆ. ಶುಲ್ಕವಿಲ್ಲ, ಊಟ ವಸತಿ ಅವರದೇ, ಮೇಲೆ ಸ್ಟೈಪೆಂಡ್. ಓದು ಮುಗಿದ ಮೇಲೆ ಲೆಫ್ಟಿನೆಂಟ್ ಆಗಿ ಸೇವೆ ಸೇರುತ್ತಾರೆ. ನಿಗದಿತ ಅವಧಿ ಸೇವೆ ಸಲ್ಲಿಸುವ ಬಾಂಡ್ ಇರುತ್ತದೆ. ನೀಟ್ ಅಂಕದ ಮೇಲೆ ಕರೆಯುತ್ತಾರೆ. ಎಂಬಿಬಿಎಸ್ ಸೀಟಿಗೆ ಅಂಕ ಸಾಲದೆ ಹೋದ ಮಗಳು ಇದಕ್ಕೆ ಪ್ರಯತ್ನಿಸಬಹುದು.

ಬ್ಯಾಂಕ್ ಸಾಲ ಮತ್ತು ಬಡ್ಡಿಯ ಪ್ರಶ್ನೆ

ಬ್ಯಾಂಕುಗಳು 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡವು ಕೇಳುವಂತಿಲ್ಲ. ಸರ್ಕಾರದ ಖಾತರಿ ಯೋಜನೆಯಡಿ 7.5 ಲಕ್ಷದವರೆಗೂ ಅಡವಿಲ್ಲದೆ ಸಿಗಬಹುದು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉನ್ನತ ಸಂಸ್ಥೆಗಳಿಗೆ ಸೇರಿದವರಿಗೆ ಅಡವು, ಜಾಮೀನು ಎರಡೂ ಇಲ್ಲದೆ ಸಾಲ ಕೊಡುತ್ತಾರೆ.

ಬಡ್ಡಿ ಸಬ್ಸಿಡಿಯ ಬಲ ಎಷ್ಟೆಂಬುದನ್ನು ಒಂದು ಲೆಕ್ಕದಿಂದ ನೋಡೋಣ. ನಾಲ್ಕು ವರ್ಷದ ಕೋರ್ಸಿಗೆ ವರ್ಷಕ್ಕೆ 1 ಲಕ್ಷದಂತೆ ಸಾಲ ತೆಗೆದುಕೊಂಡರು, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಓದಿನ 4 ವರ್ಷ ಮತ್ತು ಅನಂತರದ 1 ವರ್ಷ ಕಂತು ಕಟ್ಟುವಂತಿಲ್ಲ, ಆದರೆ ಸರಳ ಬಡ್ಡಿ ಬೆಳೆಯುತ್ತಿರುತ್ತದೆ. ಮೊದಲ ಲಕ್ಷಕ್ಕೆ 5 ವರ್ಷದ ಬಡ್ಡಿ 50 ಸಾವಿರ, ಎರಡನೆಯದಕ್ಕೆ 40, ಮೂರನೆಯದಕ್ಕೆ 30, ನಾಲ್ಕನೆಯದಕ್ಕೆ 20. ಒಟ್ಟು 1 ಲಕ್ಷ 40 ಸಾವಿರ. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು, ಕೋರ್ಸು ಮತ್ತು ಕಾಲೇಜು ನಿಯಮಕ್ಕೆ ಒಳಪಟ್ಟಿದ್ದರೆ ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ಆದಾಯ ಪ್ರಮಾಣಪತ್ರವನ್ನು ಬ್ಯಾಂಕಿಗೆ ಕೊಟ್ಟು ಸಬ್ಸಿಡಿಗೆ ಸೇರಿಸಿರೆಂದು ಲಿಖಿತವಾಗಿ ಕೇಳಬೇಕು. ಕೇಳದವರಿಗೆ ಆ 1 ಲಕ್ಷ 40 ಸಾವಿರ ಸಾಲದ ಮೇಲೆಯೇ ಕೂರುತ್ತದೆ.

ಬಡ್ಡಿ ಎಂದ ಕೂಡಲೆ ರಿಬಾದ ಪ್ರಶ್ನೆ ಬರುತ್ತದೆ. ಅರಿವು ಸಾಲದ ಶೇ. 2 ಸೇವಾ ಶುಲ್ಕವನ್ನು ಹೇಗೆ ನೋಡಬೇಕು, ಬೇರೆ ದಾರಿ ಇಲ್ಲದಾಗ ಬ್ಯಾಂಕ್ ಸಾಲ ಏನು ಎಂಬುದಕ್ಕೆ ಉತ್ತರ ಕೊಡುವುದು ಉಲಮಾಗಳ ಕೆಲಸ. ನಿಮ್ಮ ಸಂದರ್ಭ ಪೂರ್ತಿ ಹೇಳಿ, ಕಾಗದ ತೋರಿಸಿ ಅವರನ್ನು ಕೇಳಿರಿ. ಆದರೆ ಒಂದು ಮಾತನ್ನು ಶಿಕ್ಷಕನಾಗಿ ಹೇಳಬಲ್ಲೆ. ಬ್ಯಾಂಕಿನ ಬಡ್ಡಿಗೆ ಹೆದರಿ ದೂರ ಉಳಿದವರು ಊರಿನ ಖಾಸಗಿ ಸಾಲಗಾರರ ಬಳಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ತೆಗೆದುಕೊಂಡರೆ ಅದು ವರ್ಷಕ್ಕೆ ಶೇ. 36 ಆಗುತ್ತದೆ. ಅದು ದೀನಿಗೂ ಸಲ್ಲದು, ದುನಿಯಾಕ್ಕೂ ಸಲ್ಲದು.

ಪ್ರತಿಷ್ಠಾನಗಳ ವಿದ್ಯಾರ್ಥಿವೇತನ

ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. 2025ರಿಂದ ಇದು ನಮ್ಮ ರಾಜ್ಯಕ್ಕೂ ಬಂದಿದೆ. ಕೋಟಕ್ ಕನ್ಯಾ ವಿದ್ಯಾರ್ಥಿವೇತನ ಎಂಬಿಬಿಎಸ್‌ನಂಥ ವೃತ್ತಿಪರ ಕೋರ್ಸಿಗೆ ಹೆಸರಾಂತ ಸಂಸ್ಥೆಯಲ್ಲಿ ಸೇರಿದ ಹುಡುಗಿಯರಿಗೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಕೊಡುತ್ತದೆ. ರಿಲಯನ್ಸ್ ಫೌಂಡೇಶನ್ ಪದವಿಯ ಮೊದಲ ವರ್ಷದವರನ್ನು ಪರೀಕ್ಷೆಯ ಮೂಲಕ ಆರಿಸಿ ಇಡೀ ಪದವಿಗೆ 2 ಲಕ್ಷದವರೆಗೆ ಕೊಡುತ್ತದೆ. ಮೂರಕ್ಕೂ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಎರಡನೆಯ ವರ್ಷಕ್ಕೆ ಎಚ್ಚರವಾದರೆ ಬಾಗಿಲು ಮುಚ್ಚಿರುತ್ತದೆ. ಇವು ಯಾವುದಕ್ಕೂ ಅರ್ಜಿ ಶುಲ್ಕವಿಲ್ಲ; ಹಣ ಕೇಳಿದರೆ ಅದು ಮೋಸ ಎಂದು ತಿಳಿಯಿರಿ.

ಕಾಗದ ಪತ್ರ: ಅರ್ಜಿ ತಿರಸ್ಕಾರವಾಗುವುದು ಇಲ್ಲಿ

ಆಧಾರ್ ಕಾರ್ಡಿನಲ್ಲಿ ‘ಮಹಮ್ಮದ’, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮೊಹಮ್ಮದ್’. ಒಂದರಲ್ಲಿ ‘ಬಿ’, ಇನ್ನೊಂದರಲ್ಲಿ ‘ಬೀಬಿ’, ಮತ್ತೊಂದರಲ್ಲಿ ‘ಬೇಗಂ’. ತಂದೆಯ ಹೆಸರಿಗೆ ಒಮ್ಮೆ ‘ಸಾಬ’ ಇದೆ, ಒಮ್ಮೆ ಇಲ್ಲ. ನಮಗೆ ಇವೆಲ್ಲ ಒಂದೇ ಮನುಷ್ಯ. ಕಂಪ್ಯೂಟರಿಗೆ ಬೇರೆ ಬೇರೆ. ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಅಂಕಪಟ್ಟಿಯಲ್ಲಿ ಇದ್ದಂತೆ ಆಧಾರ್ ತಿದ್ದಿಸುವುದು ಸುಲಭದ ದಾರಿ.

ಕೈಯಲ್ಲಿರಬೇಕಾದವು ಇವು:
1. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅದರ ಮೇಲಿನ ಆರ್‌ಡಿ ಸಂಖ್ಯೆ ಎಲ್ಲ ಅರ್ಜಿಗಳಿಗೂ ಬೇಕು. ಅವಧಿ ಮುಗಿದಿದೆಯೇ ನೋಡಿಕೊಳ್ಳಿ.
2. ವಿದ್ಯಾರ್ಥಿಯ ಸ್ವಂತ ಹೆಸರಿನ ಬ್ಯಾಂಕ್ ಖಾತೆ. ಆಧಾರ್ ಜೋಡಣೆಯಾಗಿದ್ದರೆ ಸಾಲದು, ನೇರ ನಗದು ವರ್ಗಾವಣೆಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ.
3. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರ.
4. ಕಾಲೇಜಿನ ಶುಲ್ಕ ರಶೀದಿ ಮತ್ತು ಶುಲ್ಕ ವಿವರದ ಪತ್ರ.
5. ಅರ್ಜಿಯ ಮುದ್ರಿತ ಪ್ರತಿ. ಆನ್‌ಲೈನ್ ಸೆಂಟರಿನವರ ಮೊಬೈಲ್ ನಂಬರ್ ಹಾಕಿಸಬೇಡಿ, ನಿಮ್ಮ ಮನೆಯ ನಂಬರ್ ಹಾಕಿಸಿ. ಒಟಿಪಿ, ಸೂಚನೆಗಳೆಲ್ಲ ಆ ನಂಬರಿಗೇ ಬರುತ್ತವೆ.

ಏಜೆಂಟರ ಬಗ್ಗೆ ಎಚ್ಚರ

ಫಲಿತಾಂಶ ಬಂದ ವಾರವೇ ಮನೆ ಬಾಗಿಲಿಗೆ ಏಜೆಂಟರು ಬರುತ್ತಾರೆ. ‘ಬೆಂಗಳೂರಲ್ಲಿ ನರ್ಸಿಂಗ್ ಸೀಟು, ಸ್ಕಾಲರ್‌ಶಿಪ್ಪಲ್ಲೇ ಎಲ್ಲ ಆಗುತ್ತದೆ, ಈಗ ಅಂಕಪಟ್ಟಿ ಕೊಡಿ ಸಾಕು’ ಎನ್ನುತ್ತಾರೆ. ಮೂಲ ಅಂಕಪಟ್ಟಿಯನ್ನು ಯಾವ ಏಜೆಂಟನ ಕೈಗೂ ಕೊಡಬೇಡಿ. ಪದವಿ ಕೋರ್ಸಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಅಥವಾ ಮಾನ್ಯತೆ ಪಡೆದ ಬೇರೆ ವಿಶ್ವವಿದ್ಯಾಲಯದಲ್ಲಿ ಕಾಲೇಜು ಇದೆಯೇ, ಜಿಎನ್‌ಎಂ ಆದರೆ ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯಲ್ಲಿ, ಲ್ಯಾಬ್ ಟೆಕ್ನಿಶಿಯನ್ ಡಿಪ್ಲೊಮಾ ಆದರೆ ಪ್ಯಾರಾಮೆಡಿಕಲ್ ಮಂಡಳಿಯಲ್ಲಿ, ಫಾರ್ಮಸಿ ಆದರೆ ಫಾರ್ಮಸಿ ಕೌನ್ಸಿಲ್ ಪಟ್ಟಿಯಲ್ಲಿ ಇದೆಯೇ ಎಂದು ಮೊದಲು ನೋಡಿ. ಕಾಲೇಜಿಗೆ ಸ್ವಂತ ಅಥವಾ ಒಪ್ಪಂದದ ಆಸ್ಪತ್ರೆ ಇದೆಯೇ, ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೇ ಎಂದು ಒಮ್ಮೆ ಹೋಗಿ ಕಣ್ಣಾರೆ ನೋಡಿ. ರೋಗಿಯೇ ಇಲ್ಲದ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯುವುದು ನೀರಿಲ್ಲದ ಬಾವಿಯಲ್ಲಿ ಈಜು ಕಲಿತಂತೆ.

ವಿದೇಶದ ಎಂಬಿಬಿಎಸ್ ಬಗ್ಗೆಯೂ ಒಂದು ಮಾತು. ಅದಕ್ಕೂ ನೀಟ್ ಪಾಸಾಗಿರಬೇಕು. 2021ರ ನಿಯಮದಂತೆ ಕನಿಷ್ಠ 54 ತಿಂಗಳ ಓದು, ಇಂಗ್ಲಿಷ್ ಮಾಧ್ಯಮ, ಅಲ್ಲಿಯೇ ಒಂದು ವರ್ಷ ಇಂಟರ್ನ್‌ಷಿಪ್ ಆಗಬೇಕು. ಮರಳಿ ಬಂದ ಮೇಲೆ ಅರ್ಹತಾ ಪರೀಕ್ಷೆ ಪಾಸಾಗಬೇಕು, ಮತ್ತು ಆ ಪರೀಕ್ಷೆಯಲ್ಲಿ ಪ್ರತಿ ಸಲ ಪಾಸಾಗುವವರಿಗಿಂತ ಫೇಲಾಗುವವರೇ ಹೆಚ್ಚು. ಹೊಲ ಮಾರುವ ಮುಂಚೆ ಇದಿಷ್ಟನ್ನೂ ಮನೆಯವರೆಲ್ಲ ಕೂತು ಯೋಚಿಸಬೇಕು.

ನಮ್ಮ ಟ್ರಸ್ಟಿನ ಹಣ ಎಲ್ಲಿ ಬೀಳಬೇಕು?

ಈಗ ದಾನಿಗಳೊಡನೆ ಎರಡು ಮಾತು. ಮೇಲೆ ಹೇಳಿದ ನೆರವುಗಳಲ್ಲಿ ಬಹುಪಾಲು ತಡವಾಗಿ ಬರುತ್ತವೆ. ಶುಲ್ಕ ಕಟ್ಟುವುದು ಪ್ರವೇಶದ ವಾರ. ಮರುಪಾವತಿ ಬರುವುದು ಎಷ್ಟೋ ತಿಂಗಳ ಮೇಲೆ. ಈ ನಡುವಿನ ಹಳ್ಳಕ್ಕೆ ಸೇತುವೆ ಹಾಕುವುದೇ ನಮ್ಮಂಥ ಚಿಕ್ಕ ಟ್ರಸ್ಟು ಮಾಡಬಹುದಾದ ದೊಡ್ಡ ಕೆಲಸ.

ಒಂದು ಲೆಕ್ಕ ನೋಡಿ. ನಮ್ಮಲ್ಲಿ 1 ಲಕ್ಷ ರೂಪಾಯಿ ಇದೆ ಎನ್ನೋಣ. 20 ಮಕ್ಕಳಿಗೆ ತಲಾ 5,000 ಹಂಚಿದರೆ ಸಭೆ ಚೆನ್ನಾಗಿ ಆಗುತ್ತದೆ, ಫೋಟೋ ಬರುತ್ತದೆ, ಯಾವ ಮಗುವಿನ ಶುಲ್ಕವೂ ಪೂರ್ತಿಯಾಗುವುದಿಲ್ಲ, ಲಕ್ಷವೂ ಮುಗಿಯುತ್ತದೆ. ಅದೇ ಹಣವನ್ನು ಕರ್ಜೆ ಹಸನಾ ಎಂದು, ಅಂದರೆ ಬಡ್ಡಿಯಿಲ್ಲದ ಕೈಸಾಲವಾಗಿ, 4 ಮಕ್ಕಳಿಗೆ ತಲಾ 25,000 ಪ್ರವೇಶದ ದಿನ ಕೊಟ್ಟು, ಸರ್ಕಾರದ ಹಣ ಬಂದಾಗ ಮರಳಿ ಪಡೆದರೆ ಮುಂದಿನ ವರ್ಷ ಇನ್ನು ನಾಲ್ವರಿಗೆ ಕೊಡಬಹುದು. ಐದು ವರ್ಷದಲ್ಲಿ ಅದೇ 20 ಮಕ್ಕಳಿಗೆ ಐದು ಪಟ್ಟು ಹಣ, ಅದೂ ಬೇಕಾದ ದಿನವೇ ಸಿಕ್ಕಂತಾಯಿತು. ಕೊನೆಗೆ ಲಕ್ಷವೂ ಉಳಿಯಿತು. ಎಲ್ಲರಿಂದಲೂ ಹಣ ಮರಳಿ ಬರಲಿಕ್ಕಿಲ್ಲ. ಅದಕ್ಕೆ ಸ್ವಲ್ಪ ಬಿಟ್ಟು ಲೆಕ್ಕ ಹಾಕಿದರೂ ಲಾಭವೇ. ಇಸ್ಲಾಮಿಕ್ ಡೆವಲಪ್‌ಮೆಂಟ್ ಬ್ಯಾಂಕ್ 1983ರಲ್ಲಿ ಆರಂಭಿಸಿದ ವಿದ್ಯಾರ್ಥಿವೇತನದ ಹಿಂದೆ ಇದೇ ವಿಚಾರವಿತ್ತು: ಸಮುದಾಯಕ್ಕೆ ಅದು ಅನುದಾನ, ವಿದ್ಯಾರ್ಥಿಗೆ ಬಡ್ಡಿಯಿಲ್ಲದ ಸಾಲ. ಓದಿ ಕೆಲಸ ಹಿಡಿದವನು ತೀರಿಸಿದ ಹಣ ಮುಂದಿನ ವಿದ್ಯಾರ್ಥಿಗೆ ಹೋಗಬೇಕು.

ಜಕಾತ್ ಹಣದ ವಿಷಯ ಬೇರೆ. ಅದನ್ನು ಸಾಲವೆಂದು ಕೊಟ್ಟು ಸುತ್ತಿಸುತ್ತ ಇಡುವಂತಿಲ್ಲ. ಹನಫಿ ಫಿಖ್ಹ್‌ನಂತೆ ಜಕಾತ್ ಪಡೆಯುವವರು ಅರ್ಹರಿರಬೇಕು ಮತ್ತು ಹಣ ಅವರ ಒಡೆತನಕ್ಕೆ ಬರಬೇಕು. ಆದ್ದರಿಂದ ಅರ್ಹ ವಿದ್ಯಾರ್ಥಿಯ ಖಾತೆಗೇ ಹಾಕಿ ಅವರಿಂದಲೇ ಶುಲ್ಕ ಕಟ್ಟಿಸಿ ರಶೀದಿ ಪಡೆಯುವುದು ಸರಿಯಾದ ಕ್ರಮ. ಸಯ್ಯದ್ ಮನೆತನದ ಬಡ ಮಕ್ಕಳಿಗೆ, ಸಹೋದರ ಸಮಾಜಗಳ ಬಡ ಮಕ್ಕಳಿಗೆ ಜಕಾತಿನಿಂದ ಕೊಡಲಾಗದು; ಅವರಿಗೆ ಲಿಲ್ಲಾಹ್, ಸದಕಾ ನಿಧಿಯಿಂದ ಕೊಡಬಹುದು. ಕರ್ಜೆ ಹಸನಾ ಸೇತುವೆಗೂ ಲಿಲ್ಲಾಹ್ ಹಣವೇ ಬೇಕು. ಹೀಗಾಗಿ ದಾನಿಗಳು ಹಣ ಕೊಡುವಾಗ ಜಕಾತೋ ಲಿಲ್ಲಾಹೋ ಎಂದು ರಶೀದಿಯಲ್ಲಿ ಬರೆಸಲು ಮರೆಯಬಾರದು. ಆದಾಯ ತೆರಿಗೆಯ ವಿನಾಯಿತಿ ಬೇಕಾದವರು ಗಮನಿಸಿ: ನೋಂದಾಯಿತ ಟ್ರಸ್ಟಿಗೆ ಕೊಟ್ಟರೂ 2,000 ರೂಪಾಯಿ ಮೀರಿದ ನಗದು ದಾನಕ್ಕೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ.

ವಿದ್ಯಾರ್ಥಿವೇತನ ಅರ್ಜಿದಾರರಿಗೆ ಸೂಚನೆ

ಆರೋಗ್ಯ ಕ್ಷೇತ್ರದ ಕೋರ್ಸುಗಳಿಗೆ ಅರ್ಜಿ ಹಾಕುವವರು ಸರ್ಕಾರದ ಯಾವ ಯೋಜನೆಗೆ ಅರ್ಜಿ ಹಾಕಿದ್ದೀರಿ ಎಂಬುದರ ಪ್ರತಿಯನ್ನು ಲಗತ್ತಿಸಬೇಕು. ಇನ್ನೂ ಹಾಕಿಲ್ಲದಿದ್ದರೆ ಮೊದಲು ಹಾಕಿಸುತ್ತೇವೆ, ಆಮೇಲೆ ನಮ್ಮದನ್ನು ನೋಡುತ್ತೇವೆ. ಸರ್ಕಾರದಿಂದ ಬರಬಹುದಾದ ಹಣವನ್ನು ಬಿಟ್ಟು ದಾನಿಗಳ ಹಣ ತೆಗೆದುಕೊಂಡರೆ, ಬೇರೆ ದಾರಿಯೇ ಇಲ್ಲದ ಇನ್ನೊಂದು ಮಗುವಿನ ಪಾಲು ಕಡಿಮೆಯಾಗುತ್ತದೆ. ಸೀಟು ಹಂಚಿಕೆಯ ಪತ್ರ ಕೈಗೆ ಬಂದ ದಿನವೇ, ರಾತ್ರಿಯಾದರೂ ಸರಿ, ಟ್ರಸ್ಟಿನ ಪದಾಧಿಕಾರಿಗಳಿಗೆ ತಿಳಿಸಿ. ಶುಲ್ಕದ ಗಡುವಿನ ಹಿಂದಿನ ದಿನ ಬಂದರೆ ಹಣವಿದ್ದರೂ ಕೊಡುವುದು ಕಷ್ಟವಾಗುತ್ತದೆ. ಜಿಎನ್‌ಎಂ, ಡಿ.ಫಾರ್ಮ, ಲ್ಯಾಬ್ ಟೆಕ್ನಿಶಿಯನ್ ಓದುವವರನ್ನೂ ಎಂಬಿಬಿಎಸ್ ಓದುವವರಷ್ಟೇ ಆದರದಿಂದ ನೋಡಲಾಗುವುದು. ಅರ್ಜಿ ತುಂಬಲು ಬಾರದ ಪಾಲಕರು ಸಂಕೋಚಪಡಬೇಡಿ. ಕಾಗದ ಪತ್ರ ತೆಗೆದುಕೊಂಡು ಬನ್ನಿ, ಕೂತು ತುಂಬಿಕೊಡುವವರಿದ್ದಾರೆ.

ಓದಿ ಮುಗಿಸಿ ಕೆಲಸಕ್ಕೆ ಸೇರಿದ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿ. ನೀವು ಬಾಗಲಕೋಟೆಯಲ್ಲಿರಿ, ಬೆಂಗಳೂರಿನಲ್ಲಿರಿ, ಕೊಲ್ಲಿ ದೇಶದ ಆಸ್ಪತ್ರೆಯಲ್ಲಿರಿ. ಪಡೆದ ಕರ್ಜೆ ಹಸನಾವನ್ನು ಕಂತಿನಲ್ಲಿ ಮರಳಿಸಿ. ಹಣ ಆಗದಿದ್ದರೆ ವರ್ಷಕ್ಕೆ ಒಂದು ದಿನ ಬಂದು ಪಿಯುಸಿ ಮಕ್ಕಳಿಗೆ ದಾರಿ ತೋರಿಸಿ. ನೀವು ದಾಟಿದ ಸೇತುವೆಯ ಮೇಲೆ ಇನ್ನೊಬ್ಬರು ಬರಬೇಕಾಗಿದೆ.

ದಾನಿಗಳ ದಾನವನ್ನು ಅಲ್ಲಾಹನು ಸ್ವೀಕರಿಸಲಿ, ನಮ್ಮ ಮಕ್ಕಳ ಕೈಗೆ ಶಿಫಾ ಕೊಡಲಿ. ಆಮೀನ್.